ಎರಡಡಿ ತೊಟ್ಟಿಗೆ ಎಷ್ಟು ಮೀನು?

ಮಗಳ ಏಳನೇ ಹುಟ್ಟುಹಬ್ಬಕ್ಕೆ ಎರಡಡಿ ಉದ್ದದ ಗಾಜಿನ ತೊಟ್ಟಿ ತಂದೆವು. ಅದೇ ಸಂಜೆ ಹದಿನಾರು ಮೀನುಗಳೂ ಬಂದವು. ನಾಲ್ಕು ಗೋಲ್ಡ್‌ಫಿಶ್, ಹತ್ತು ಗಪ್ಪಿ, ಗಾಜು ಕ್ಲೀನ್ ಮಾಡಲಿ ಅಂತ ಎರಡು ಸಕ್ಕರ್. ಎಲ್ಲವೂ ಬೆರಳುದ್ದಕ್ಕಿಂತ ಚಿಕ್ಕವು. ಅಷ್ಟು ನೀರಿನಲ್ಲಿ ಅವು ಲೆಕ್ಕಕ್ಕೇ ಇಲ್ಲ ಅನಿಸಿತ್ತು. ಇನ್ನೂ ನಾಲ್ಕು ತರಬಹುದಿತ್ತು ಎಂದು ಮನೆಯಲ್ಲಿ ಮಾತಾಡಿಕೊಂಡೆವು.

ಐದನೇ ದಿನ ಬೆಳಗ್ಗೆ ಲೈಟ್ ಹಾಕಿದರೆ ಎಲ್ಲ ಮೀನೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಗೋಲ್ಡ್‌ಫಿಶ್‌ಗಳ ಕಿವಿರು ಕೆಂಪಗೆ ಊದಿದೆ. ನೀರು ಮಾತ್ರ ಕನ್ನಡಿಯಂತೆ ತಿಳಿ. ವಾರ ಮುಗಿಯುವುದರೊಳಗೆ ಒಂಬತ್ತು ಸತ್ತವು. ಮಗಳು ಒಂದೊಂದನ್ನೂ ಹಿತ್ತಲ ದಾಸವಾಳದ ಬುಡದಲ್ಲಿ ಹೂತಳು. ಆ ಒಂಬತ್ತು ಸಾವು ನಮ್ಮ ಕೈಯಿಂದಲೇ ಆದದ್ದು. ತೊಟ್ಟಿ ಇಡಲು ಹೊರಟವರಿಗೆಲ್ಲ ಈ ವಿಷಯ ಹೇಳಲೇಬೇಕು ಎಂದು ನನಗೆ ಅನಿಸುವುದು ಅದಕ್ಕೇ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದರೆ ಸುಮಾರು 56 ಲೀಟರ್. ತಳಕ್ಕೆ ಹಾಕಿದ ಸಣ್ಣ ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು 45 ಲೀಟರ್ ಇದ್ದರೆ ಹೆಚ್ಚು. ಎರಡು ದೊಡ್ಡ ಬಕೆಟ್ ನೀರು, ಅಷ್ಟೇ. ಆ ಎರಡು ಬಕೆಟ್ಟಿನಲ್ಲೇ ಮೀನು ತಿನ್ನಬೇಕು, ಅಲ್ಲೇ ಉಸಿರಾಡಬೇಕು, ಅಲ್ಲೇ ಹೊಲಸು ಮಾಡಬೇಕು. ಹೊಲಸು ಅಂದರೆ ಕಣ್ಣಿಗೆ ಕಾಣುವ ದಾರದಂಥ ಹಿಕ್ಕೆ ಮಾತ್ರ ಅಲ್ಲ. ಮೀನಿನ ಮೈಯಲ್ಲಿ ಹುಟ್ಟುವ ಅಮೋನಿಯಾದ ಬಹುಪಾಲು ಕಿವಿರಿನ ಮೂಲಕವೇ ನೀರಿಗೆ ಸೇರುತ್ತದೆ. ಅದು ಕಾಣುವುದಿಲ್ಲ. ತಿಳಿನೀರು ನೋಡಿ ನಾವು ಮೋಸ ಹೋಗುವುದು ಹೀಗೆ.

ಒಂದು ಲೆಕ್ಕ ಹಾಕಿ ನೋಡೋಣ. ಹದಿನಾರು ಮೀನಿಗೆ ದಿನಕ್ಕೆರಡು ಸಲ ದೊಡ್ಡ ಚಿಟಿಕೆ ಆಹಾರ ಹಾಕುತ್ತಿದ್ದೆವು. ಒಟ್ಟು ಒಂದು ಗ್ರಾಂ ಅಂದುಕೊಳ್ಳಿ. ಮೀನು ಸಾಕಣೆಯವರ ಅಂದಾಜಿನಲ್ಲಿ ಹಾಕಿದ ಆಹಾರದ ತೂಕದ ಸುಮಾರು ಶೇ. 3ರಷ್ಟು ಅಮೋನಿಯಾ ಆಗಿ ನೀರಿಗೆ ಬರುತ್ತದೆ. ಅಂದರೆ ದಿನಕ್ಕೆ 30 ಮಿಲಿಗ್ರಾಂ. ಅದನ್ನು 45 ಲೀಟರಿಗೆ ಹಂಚಿದರೆ ಲೀಟರಿಗೆ 0.7 ಮಿಲಿಗ್ರಾಂ ಹತ್ತಿರ. ಯಾರೂ ಅದನ್ನು ತೆಗೆಯದಿದ್ದರೆ ಮೂರನೇ ದಿನಕ್ಕೆ ಎರಡು ಮಿಲಿಗ್ರಾಂ, ಐದನೇ ದಿನಕ್ಕೆ ಮೂರು ದಾಟುತ್ತದೆ. ಮಗಳು ಪ್ರೀತಿಯಿಂದ ಹಾಕಿದ ಆಹಾರವೇ ಈ ಲೆಕ್ಕ ಬೆಳೆಸುತ್ತಾ ಹೋಗಿತ್ತು.

ಈ ಅಮೋನಿಯಾ ಎಲ್ಲ ಕಡೆ ಒಂದೇ ಥರ ಕಾಡುವುದಿಲ್ಲ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ. ಒಂದು ಅಷ್ಟೇನೂ ಹಾನಿ ಮಾಡದ್ದು, ಇನ್ನೊಂದು ಕಿವಿರು ಸುಡುವಂಥದ್ದು. ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ಹೇಳುವ ಅಳತೆ ಪಿಎಚ್. ಪಿಎಚ್ 7 ಇರುವ ನೀರಿನಲ್ಲಿ, 25 ಡಿಗ್ರಿ ಬಿಸಿಯಲ್ಲಿ, ವಿಷದ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8 ಆದರೆ ಅದು ನೂರಕ್ಕೆ ಐದು ಪಾಲು. ಸಾಮಾನ್ಯವಾಗಿ ಪಿಎಚ್ ಹೆಚ್ಚಿರುವ ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಯಲ್ಲಿ ಅಷ್ಟೇ ಮೀನು, ಅಷ್ಟೇ ಆಹಾರ ಇದ್ದರೂ ಮೀನು ಬೇಗ ಸಾಯುವುದಕ್ಕೆ ಇದೂ ಒಂದು ಕಾರಣ. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ವಿಷದ ಪಾಲು ಇನ್ನೂ ಏರುತ್ತದೆ.

ಹಾಗಾದರೆ ಕೆರೆಯಲ್ಲಿ ಮೀನು ಹೇಗೆ ಬದುಕುತ್ತವೆ? ಅಲ್ಲಿ ನೀರು ಜಾಸ್ತಿ, ಜೊತೆಗೆ ಅಮೋನಿಯಾ ತಿಂದು ಬದುಕುವ ಬ್ಯಾಕ್ಟೀರಿಯಾ ಇವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತದೆ, ಗಿಡಗಳಿಗೆ ಅದು ಗೊಬ್ಬರ. ಇಂಥ ಬ್ಯಾಕ್ಟೀರಿಯಾಗಳನ್ನು ರಷ್ಯಾದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದರು. ಮೀನಿನ ತೊಟ್ಟಿಯಲ್ಲಿ ಎರಡನೇ ಕೆಲಸ ಮಾಡುವುದು ಹೆಚ್ಚಾಗಿ ನೈಟ್ರೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಅನ್ನುವುದು ಗೊತ್ತಾಗಿದ್ದು 1998ರಲ್ಲಿ. 2015ರಲ್ಲಿ ಇನ್ನೂ ಅಚ್ಚರಿಯ ಸಂಗತಿ ಸಿಕ್ಕಿತು. ಎರಡೂ ಕೆಲಸವನ್ನು ಒಂದೇ ಜೀವಿ ಮಾಡಬಲ್ಲದು! ಅಂಥ ಬ್ಯಾಕ್ಟೀರಿಯಾ ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕುವ ತೊಟ್ಟಿಯ ಫಿಲ್ಟರ್.

ಈ ಬ್ಯಾಕ್ಟೀರಿಯಾ ನಿಧಾನದ ಜೀವಿಗಳು. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರಾಗುತ್ತದೆ ಅಲ್ವಾ? ಇವು ಒಂದು ಎರಡಾಗುವುದಕ್ಕೇ ಹಲವು ಗಂಟೆ ಬೇಕು, ಕೆಲವೊಮ್ಮೆ ಒಂದು ದಿನವೇ ಬೇಕು. ಹೊಸ ತೊಟ್ಟಿಯ ಫಿಲ್ಟರ್ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ಅವು ಸಾಕಷ್ಟು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಾವು ಅವಕ್ಕೆ ಒಂದು ದಿನವೂ ಕೊಡದೆ ಹದಿನಾರು ಮೀನು ಸುರಿದಿದ್ದೆವು. ತೊಟ್ಟಿಯಲ್ಲಿ ಎಷ್ಟು ಮೀನು ಹಿಡಿಸುತ್ತದೆ ಅನ್ನುವುದನ್ನು ಈಜಾಡುವ ಜಾಗ ನೋಡಿ ಅಳೆಯುವುದು ತಪ್ಪು. ಸ್ಪಂಜಿನಲ್ಲಿ ಕೂತವರು ದಿನಕ್ಕೆ ಎಷ್ಟು ಅಮೋನಿಯಾ ಅರಗಿಸಬಲ್ಲರು ಅನ್ನುವುದೇ ಮೊದಲ ಅಳತೆ.

'ಅಂಗಡಿಯ ತೊಟ್ಟಿಯಲ್ಲಿ ನೂರು ಮೀನು ಇರುತ್ತಲ್ಲ?' ಎಂದು ತುಂಬಾ ಜನ ಕೇಳುತ್ತಾರೆ. ನಾನೂ ಕೇಳಿದ್ದೆ. ಅಲ್ಲಿ ಮೀನು ಇರುವುದು ಕೆಲವು ದಿನ. ಆಹಾರ ಅಳೆದು ಹಾಕುತ್ತಾರೆ, ನೀರು ಮತ್ತೆ ಮತ್ತೆ ಬದಲಿಸುತ್ತಾರೆ. ಹಲವು ಕಡೆ ಎಲ್ಲ ತೊಟ್ಟಿಗಳ ನೀರೂ ಹಳೆಯ ದೊಡ್ಡ ಫಿಲ್ಟರ್ ಒಂದರಲ್ಲಿ ಹಾದು ಬರುತ್ತದೆ. ಅದು ಬಸ್ ಸ್ಟ್ಯಾಂಡ್ ಇದ್ದ ಹಾಗೆ. ನಮ್ಮ ತೊಟ್ಟಿ ಅವುಗಳ ಮನೆ.

ಇನ್ನೊಂದು ಹಳೆಯ ಲೆಕ್ಕವಿದೆ. ಒಂದು ಗ್ಯಾಲನ್ ನೀರಿಗೆ ಒಂದು ಇಂಚು ಮೀನು, ಅಂದರೆ ನಾಲ್ಕು ಲೀಟರಿಗೆ ಸುಮಾರು ಒಂದು ಇಂಚು. ಟೆಟ್ರಾದಂಥ ಸಣಕಲು ಮೀನಿಗೆ ಇದು ಹೇಗೋ ನಡೆಯುತ್ತದೆ. ಮೀನು ಬೆಳೆಯುವುದು ಉದ್ದಕ್ಕೆ ಮಾತ್ರ ಅಲ್ಲ, ಅಗಲಕ್ಕೆ, ದಪ್ಪಕ್ಕೂ. ಉದ್ದ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. ಅದೇ ಆಕಾರದ 12 ಇಂಚಿನ ಒಂದು ಮೀನು ತೂಕದಲ್ಲಿ ಒಂದಿಂಚಿನ 1,728 ಮೀನುಗಳಿಗೆ ಸಮ. ಇಂಚಿನ ಲೆಕ್ಕದಲ್ಲಿ ಮಾತ್ರ ಅದು ಹನ್ನೆರಡಕ್ಕೆ ಸಮ! ಈ ಲೆಕ್ಕ ನಂಬಿ ಗೋಲ್ಡ್‌ಫಿಶ್ ಕೊಳ್ಳಬೇಡಿ.

ಉಸಿರಿನ ವಿಷಯಕ್ಕೆ ಬಂದರೆ, 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಅದರ ಮೂವತ್ತು ಪಟ್ಟಿಗೂ ಜಾಸ್ತಿ ಇರುತ್ತದೆ. ನೀರು ಬಿಸಿಯಾದರೆ ಇದ್ದದ್ದೂ ಕಮ್ಮಿ. ರಾತ್ರಿ ಗಿಡಗಳೂ ಆಮ್ಲಜನಕ ಎಳೆದುಕೊಳ್ಳುತ್ತವೆ. ಕಿಕ್ಕಿರಿದ ತೊಟ್ಟಿಯ ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುವುದಕ್ಕೆ ಇದೂ ಕಾರಣ. ಮೂರು ಗಂಟೆ ಕರೆಂಟ್ ಹೋಗಿ ಫಿಲ್ಟರ್ ನಿಂತಿತು ಅನ್ನಿ. ಆರು ಮೀನಿನ ತೊಟ್ಟಿ ಅದನ್ನು ತಡೆದುಕೊಳ್ಳುತ್ತದೆ. ಹದಿನಾರರದು ತಡೆದುಕೊಳ್ಳುವುದು ಕಷ್ಟ.

ನಮಗೆ ಯಾರೂ ಹೇಳದಿದ್ದ ಮಾತು ಇನ್ನೊಂದಿದೆ. ಕೊಳ್ಳುವಾಗ ಕಂಡ ಗಾತ್ರ ಮರಿಯದು. ಗೋಲ್ಡ್‌ಫಿಶ್ ಒಂದಡಿಯ ಹತ್ತಿರಕ್ಕೂ ಬೆಳೆಯಬಹುದು. ಎರಡಡಿ ತೊಟ್ಟಿಗೆ ಅದು ಸರಿಯಾದ ಮೀನೇ ಅಲ್ಲ, ಒಂದೂ ಬೇಡ. ಗಪ್ಪಿಯದು ಬೇರೆ ಕಥೆ. ಹೆಣ್ಣು ಗಪ್ಪಿ ನಾಲ್ಕು ವಾರಕ್ಕೊಮ್ಮೆ ಹತ್ತಾರು ಮರಿ ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತದೆ. ಆಮೇಲೆ ಗಂಡು ಇಲ್ಲದಿದ್ದರೂ ಮರಿ ಬರುತ್ತಲೇ ಇರುತ್ತವೆ.

ಸಕ್ಕರ್ ನೆನೆದರೆ ನನಗೆ ಹೆಚ್ಚು ಸಂಕಟ. ಎರಡಿಂಚಿನ ಮುದ್ದಾದ ಮರಿ ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತಿರುತ್ತದೆ. ದಕ್ಷಿಣ ಅಮೆರಿಕದ ಈ ಮೀನು ಬೆಳೆದರೆ ಒಂದೂವರೆ ಅಡಿ. ತೊಟ್ಟಿಯ ಅಗಲವೇ ಒಂದಡಿ, ಅದು ತಿರುಗುವುದಾದರೂ ಹೇಗೆ? ತೊಟ್ಟಿ ಕ್ಲೀನ್ ಮಾಡುತ್ತದೆ ಅನ್ನುವುದೂ ಅರ್ಧ ಮಾತು. ಪಾಚಿ ತಿನ್ನುತ್ತದೆ ನಿಜ, ತಿಂದದ್ದಕ್ಕೆ ತಕ್ಕ ಹಾಗೆ ಹಿಕ್ಕೆಯನ್ನೂ ಹಾಕುತ್ತದೆ. ಸಾಕಲಾರದವರು ಅದನ್ನು ಒಯ್ದು ಕೆರೆಗೆ ಬಿಡುತ್ತಾರೆ. ಮೈಮೇಲೆ ಗಟ್ಟಿ ಕವಚ ಇರುವುದರಿಂದ ಅದನ್ನು ತಿನ್ನುವ ಮೀನು ಇಲ್ಲಿ ಕಮ್ಮಿ. ದಂಡೆ ಕೊರೆದು ಬಿಲ ಮಾಡುತ್ತದೆ, ಮೀನುಗಾರರ ಬಲೆ ಹರಿಯುತ್ತದೆ. ನಮ್ಮ ದೇಶದ ಹಲವು ಕೆರೆ, ನದಿಗಳಲ್ಲಿ ಇಂದು ಅದು ನೆಲೆಯೂರಿದೆ. ದಯವಿಟ್ಟು ಯಾವ ಸಾಕುಮೀನನ್ನೂ ಕೆರೆಗಾಗಲಿ, ಕಲ್ಯಾಣಿಗಾಗಲಿ ಬಿಡಬೇಡಿ. ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ.

1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಸುಮಾರು 12 ಗ್ಯಾಲನ್ ಹಿಡಿಸುವ ಗಾಜಿನ ಪಾತ್ರೆ, ಹೆಚ್ಚುಕಡಿಮೆ ನಮ್ಮ ಎರಡಡಿ ತೊಟ್ಟಿಯಷ್ಟೇ. ಅದರಲ್ಲಿ ವ್ಯಾಲಿಸ್ನೇರಿಯಾ ಎಂಬ ನೀರಿನ ಗಿಡ, ಕೊಳೆತ ಎಲೆ ತಿನ್ನಲು ಬಸವನಹುಳು. ಮೀನು ಎರಡೇ ಎರಡು, ಅದೂ ಸಣ್ಣವು.

ನನ್ನ ಮಟ್ಟಿಗೆ, ಮೊದಲ ತೊಟ್ಟಿಗೆ ಆರು ಗಂಡು ಗಪ್ಪಿ ಸಾಕು. ಗುಂಪಿನ ಮೀನು ಬೇಕಿದ್ದರೆ ಒಂದೇ ಜಾತಿಯ ಸಣ್ಣ ಟೆಟ್ರಾ ಆರೋ ಎಂಟೋ ಇರಲಿ. ಜಾತಿಗೆ ಎರಡೆರಡರಂತೆ ತಂದರೆ ಗುಂಪಿನ ಮೀನು ಹೆದರಿ ಮೂಲೆ ಸೇರುತ್ತವೆ. ಒಮ್ಮೆಗೆ ಎರಡು ಮೂರಷ್ಟೇ ಬಿಡಿ. ನಡುವೆ ಎರಡು ವಾರ ಕಾಯಿರಿ. ಅಮೋನಿಯಾ ನೋಡುವ ಕಿಟ್‌ನ ಹನಿ ಹಾಕಿದಾಗ ನೀರು ಹಳದಿಯಾಗೇ ಉಳಿದರೆ ಮುಂದಿನವು ಬರಬಹುದು. ಹಸಿರಿಗೆ ತಿರುಗಿದರೆ ಬೇಡ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ. ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆಯಬೇಡಿ. ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು.

ಹೋದ ತಿಂಗಳು ಪಕ್ಕದ ಮನೆಯವರು ಹೊಸ ತೊಟ್ಟಿ ತಂದರು. ನಾನು ನಮ್ಮ ಫಿಲ್ಟರ್ ಬಿಚ್ಚಿ ಸ್ಪಂಜನ್ನು ಅರ್ಧ ಕತ್ತರಿಸಿದೆ. ಕಾಫಿ ಬಣ್ಣದ ಕೆಸರು, ಮಳೆ ಬಿದ್ದ ಮಣ್ಣಿನ ವಾಸನೆ. ಅದನ್ನು ಒಣಗದ ಹಾಗೆ ತೊಟ್ಟಿ ನೀರು ತುಂಬಿದ ಡಬ್ಬಿಯಲ್ಲಿಟ್ಟು ಮಗಳ ಕೈಯಲ್ಲಿ ಕೊಟ್ಟೆ. 'ಏನಮ್ಮ ಇದು?' ಎಂದು ಅವರು ಕೇಳಿದರು. 'ಹೆಪ್ಪು ಆಂಟಿ. ಫಿಲ್ಟರ್ ಒಳಗೆ ಇಡಿ. ಸದ್ಯಕ್ಕೆ ಎರಡೇ ಗಪ್ಪಿ ತನ್ನಿ' ಎಂದಳು.