ಟೇಪಿನಿಂದ ಸರದಿಯಲ್ಲಿ ಬಂದ 63 ತುಣುಕುಗಳು

ಪ್ರೋಗ್ರಾಮಿನ ಐದನೇ ಸಾಲಿನಲ್ಲಿ ‘ಐವತ್ತನೇ ಸಾಲಿಗೆ ಹೋಗು’ ಎಂದಿದೆ ಅಂದುಕೊಳ್ಳಿ. ಅದನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಇನ್ನೂ ಐದನೇ ಸಾಲಿನಲ್ಲೇ ಇದೆ. ಐವತ್ತನೆಯದು ಮೆಮೊರಿಯ ಯಾವ ವಿಳಾಸದಲ್ಲಿ ಕೂರುತ್ತದೋ ಅದಕ್ಕೆ ತಿಳಿಯದು. ಮೊದಲೊಮ್ಮೆ ಪೂರ್ತಿ ಓದಿ ವಿಳಾಸಗಳನ್ನು ಗುರುತಿಟ್ಟುಕೊಂಡು, ಮತ್ತೆ ಮೊದಲಿನಿಂದ ಓದುತ್ತ ಅನುವಾದಿಸಬಹುದು. ಹೀಗೆ ಒಂದೊಂದು ಸಲ ಓದುವುದಕ್ಕೂ ‘ಪಾಸ್’ ಎಂದು ಹೆಸರು.

1950ರ ದಶಕದ ಆರಂಭದಲ್ಲಿ ಯುನಿವ್ಯಾಕ್ ಯಂತ್ರಕ್ಕೆ ಎ-0 ಕಂಪೈಲರ್ ಬರೆದ ಗ್ರೇಸ್ ಹಾಪರ್ ಒಂದೇ ಪಾಸ್‌ನಲ್ಲಿ ಕೆಲಸ ಮುಗಿಸಿದರು. ಮೆಮೊರಿಯ ಕೊನೆಯಲ್ಲಿ ಒಂದು ಮೂಲೆ ಕಾದಿರಿಸಿ, ಮುಂದಕ್ಕೆ ಜಿಗಿಯಬೇಕಾದಾಗಲೆಲ್ಲ ಅಲ್ಲಿಗೆ ಜಿಗಿಸಿದರು. ಗುರಿಯ ವಿಳಾಸ ಸಿಕ್ಕಾಗ ಆ ಮೂಲೆಯಿಂದ ಗುರಿಗೆ ಇನ್ನೊಂದು ಜಿಗಿತ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತ ಚೆಂಡು ಸಾಗಿಸಿದ ನೆನಪೇ ಈ ಉಪಾಯ ಹೊಳೆಸಿತೆಂದು ಅವರೇ ಹೇಳಿದ್ದಾರೆ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇದಕ್ಕೆ ತೀರಾ ವಿರುದ್ಧವಾದ ಇನ್ನೊಂದು ಕಂಪೈಲರ್. ಐಬಿಎಂ 1959ರಲ್ಲಿ ಪ್ರಕಟಿಸಿದ 1401 ಕಂಪ್ಯೂಟರಿಗೆ ಮುಂದೆ ಫೋರ್‌ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ ಬೇಕಾಯಿತು. ಅದು ಕೆಲಸ ಮಾಡಬೇಕಿದ್ದದ್ದು 8000 ಅಕ್ಷರಗಳ ಮೆಮೊರಿಯಲ್ಲಿ, ಅಂದರೆ ಟೈಪ್ ಮಾಡಿದ ಸುಮಾರು ನಾಲ್ಕು ಪುಟದಷ್ಟು ಜಾಗದಲ್ಲಿ. ಇಡೀ ಕಂಪೈಲರ್ ಅದರಲ್ಲಿ ಹಿಡಿಸುವ ಮಾತೇ ಇರಲಿಲ್ಲ.

ಸಾಮಾನ್ಯವಾಗಿ ಕಂಪೈಲರ್ ಮೆಮೊರಿಯಲ್ಲಿ ಕೂತಿರುತ್ತದೆ, ಪ್ರೋಗ್ರಾಮು ಅದರ ಮುಂದೆ ಹಾದುಹೋಗುತ್ತದೆ. ಇಲ್ಲಿ ಅದನ್ನೇ ತಿರುವಿಹಾಕಿದರು. ಪ್ರೋಗ್ರಾಮು ಮೆಮೊರಿಯಲ್ಲೇ ಕೂತಿತು. ಕಂಪೈಲರ್ 63 ಪುಟ್ಟ ತುಣುಕುಗಳಾಗಿ ಕಾಂತೀಯ ಟೇಪಿನಿಂದ ಒಂದರ ಹಿಂದೊಂದು ಬಂದು, ತನ್ನ ಪಾಲಿನ ಕೆಲಸ ಮಾಡಿ, ಮುಂದಿನದಕ್ಕೆ ಜಾಗ ಬಿಟ್ಟುಕೊಟ್ಟಿತು.

ಆ ಕೆಲಸಗಳ ಸರದಿ ನೋಡಬೇಕು. ಆರಂಭದ ತುಣುಕುಗಳು ಪ್ರೋಗ್ರಾಮಿನ ಹೇಳಿಕೆಗಳನ್ನು, ಅಂದರೆ ಅದರ ಒಂದೊಂದು ಸೂಚನೆಯನ್ನೂ, ಅವುಗಳ ಜಾತಿಯ ಪ್ರಕಾರ ವಿಂಗಡಿಸುತ್ತಿದ್ದವು. ಒಂದೇ ಬಗೆಯವೆಲ್ಲ ಒಟ್ಟಿಗೆ ಸೇರಿದರೆ, ಅವುಗಳ ಅನುವಾದ ಬಲ್ಲ ಒಂದೇ ತುಣುಕು ಬಂದು ಎಲ್ಲವನ್ನೂ ಒಮ್ಮೆಗೇ ಮುಗಿಸಬಹುದು. ಬಳಿಕ ಬಂದ ತುಣುಕು, ಜಾತಿ ಗೊತ್ತಾದ ಹೇಳಿಕೆಗಳಲ್ಲಿ ಇನ್ನು ಬೇಡವಾದ ಪದಗಳನ್ನು ಕಿತ್ತು ಜಾಗ ಉಳಿಸುತ್ತಿತ್ತು. ಚರಾಂಕಗಳ, ಅಂದರೆ ಬದಲಾಗುವ ಬೆಲೆಗಳನ್ನು ಹಿಡಿದಿಡುವ ಜಾಗಗಳ, ಹೆಸರುಗಳ ಬದಲು ವಿಳಾಸಗಳು ಬರುತ್ತಿದ್ದವು. ಕೊನೆಯ ಕಡೆಗೆ ಇನ್ನು ಕೆಲವು ತುಣುಕುಗಳು ಚದುರಿದ ಹೇಳಿಕೆಗಳನ್ನು ಮತ್ತೆ ಮೂಲ ಕ್ರಮಕ್ಕೆ ಜೋಡಿಸುತ್ತಿದ್ದವು.

ಒಂದು ತುಣುಕು ಸರಾಸರಿ 150 ಆದೇಶಗಳಷ್ಟೇ ಉದ್ದ. 63 ಸರದಿಗಳೂ ಮುಗಿದಾಗ, ತೂತು ಹೊಡೆದ ಕಾರ್ಡುಗಳಲ್ಲಿ ಬಂದಿದ್ದ ಪ್ರೋಗ್ರಾಮು ಮೆಮೊರಿಯಿಂದ ಹೊರಗೇ ಹೋಗದೆ ಓಡಲು ಸಿದ್ಧವಾಗಿರುತ್ತಿತ್ತು.