ಡಬ್ಬಿ ಮೇಲಿನ 600 ಡಿಗ್ರಿಯನ್ನು ಎಂಜಿನ್ ಮೇಲೆ ಹೊಡೆಯಬೇಡಿ

ಹಳೇ ಕಾರಿನ ಎಂಜಿನ್‌ಗೆ ಬಣ್ಣ ಹೊಡೆಸಲು ನನ್ನ ಹತ್ತಿರ ಬರುವವರು ಈಗ ಬಣ್ಣದ ಡಬ್ಬಿಯನ್ನೂ ಜೊತೆಗೇ ತರುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿದ ಸ್ಪ್ರೇ. ಮೇಲೆ ದಪ್ಪಗೆ 600 ಡಿಗ್ರಿ ಅಂತ ಬರೆದಿರುತ್ತದೆ. "ಸರ್, 300ರದ್ದೂ ಇತ್ತು. ಎಂಜಿನ್ ಅಲ್ವಾ, ಒಳ್ಳೇದೇ ಇರಲಿ ಅಂತ ಇದನ್ನ ತಂದೆ" ಅನ್ನುತ್ತಾರೆ. ಬ್ಲಾಕ್‌ಗೆ, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ದೇಹಕ್ಕೆ, ಇದು ಬೇಡ ಅಂದರೆ ಮುಖ ಸಣ್ಣದಾಗುತ್ತದೆ. ತನ್ನ ಬಣ್ಣ ಮಾರೋಕೆ ಹೀಗಂತಾನೆ ಅನ್ನುವ ಅನುಮಾನ ಕೆಲವರ ಕಣ್ಣಲ್ಲೇ ಕಾಣುತ್ತದೆ.

ಆ ಅಂಕಿ ಬಣ್ಣದ ಗುಣಮಟ್ಟ ಹೇಳುವುದಿಲ್ಲ. ಎಷ್ಟು ಬಿಸಿಯ ಜಾಗಕ್ಕೆ ಆ ಬಣ್ಣ ಮಾಡಿದ್ದಾರೆ ಅನ್ನುವುದನ್ನು ಹೇಳುತ್ತದೆ, ಅಷ್ಟೇ. 300ಕ್ಕಿಂತ 600 ಎರಡು ಪಟ್ಟು ಗಟ್ಟಿ ಅಲ್ಲ. ಬ್ಲಾಕಿನ ಮೇಲೆ ಹೊಡೆದರೆ 600ರದ್ದೇ ಮೆತ್ತಗೆ ಉಳಿಯುತ್ತದೆ.

ಎಂಜಿನ್ ಹೊರಮೈ ನಿಜಕ್ಕೂ ಎಷ್ಟು ಬಿಸಿ? ಸಿಲಿಂಡರಿನ ಒಳಗೆ ಉರಿ 2000 ಡಿಗ್ರಿ ದಾಟುತ್ತದೆ, ಒಪ್ಪೋಣ. ಆದರೆ ಸುತ್ತ ನೀರು ಓಡುತ್ತಿದೆ. ಆ ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 92 ಡಿಗ್ರಿ ಒಳಗೆ ತೆರೆಯುತ್ತದೆ. ಬ್ಲಾಕಿನ ಹೊರಮೈ ಅದರ ಆಸುಪಾಸಿನಲ್ಲೇ ಇರುತ್ತದೆ. ಬ್ಲಾಕಿನ ಮೇಲೆ ಕೂರುವ ಹೆಡ್ಡಿನಲ್ಲಿ, ಎಕ್ಸಾಸ್ಟ್ ಹೊರಬೀಳುವ ಕಡೆ, ಇನ್ನೊಂದಿಷ್ಟು ಜಾಸ್ತಿ. ಇಡೀ ಎಂಜಿನ್ 600 ಡಿಗ್ರಿ ಮುಟ್ಟಿದರೆ ಬಣ್ಣದ ಚಿಂತೆ ಮಾಡಲು ಎಂಜಿನ್ನೇ ಉಳಿಯುವುದಿಲ್ಲ. ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಗೆ. ಅದಕ್ಕೆ ಎಷ್ಟೋ ಮುಂಚೆ ಆಯಿಲ್ ಸುಟ್ಟು ಪಿಸ್ಟನ್ ಹಿಡಿದುಕೊಂಡಿರುತ್ತದೆ.

ಹೆಡ್ಡಿನಿಂದ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಕೊಳವೆಯ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಕಥೆ ಬೇರೆ. ಅಲ್ಲಿ ನೀರಿಲ್ಲ, ಉರಿದ ಗಾಳಿ ನೇರ ಬಡಿಯುತ್ತದೆ. ಘಾಟಿ ಹತ್ತುವಾಗ 500, 600 ಡಿಗ್ರಿ ಆಗುವುದು ದೊಡ್ಡ ಮಾತಲ್ಲ. ಟರ್ಬೊ ಇದ್ದರೆ ಕೆಂಪಗೆ ಕಾದದ್ದನ್ನೂ ನೋಡಬಹುದು. 600ರ ಡಬ್ಬಿ ಹುಟ್ಟಿರುವುದು ಈ ಜಾಗಕ್ಕೆ.

ಈಗ ಎಲ್ಲರೂ ಮರೆಯುವ ವಿಷಯ. ಈ ಹೆಚ್ಚು ಬಿಸಿಯ ಬಣ್ಣಗಳು ಬಹುತೇಕ ಸಿಲಿಕೋನ್ ರೆಸಿನ್ ಅನ್ನುವ, ಶಾಖ ತಡೆಯುವ ಅಂಟಿನಿಂದ ಮಾಡಿದವು. ಗಾಳಿಗೆ ಇವು ಒಣಗಿದ ಹಾಗೆ ಕಾಣುತ್ತವೆ. ಬೆರಳಿಟ್ಟರೆ ಅಂಟುವುದಿಲ್ಲ. ಆದರೆ ಗಟ್ಟಿಯಾಗುವುದು ಸುಮಾರು 200 ಡಿಗ್ರಿ ಶಾಖ ತಿಂದ ಮೇಲೆಯೇ. ಅಲ್ಲಿವರೆಗೆ ಅದು ಆವೆಗೆ ಹಾಕದ ಹಸಿ ಮಡಕೆ. 90 ಡಿಗ್ರಿಯ ಬ್ಲಾಕ್ ಮೇಲೆ ನೀವು ವರ್ಷಗಟ್ಟಲೆ ಕಾರು ಓಡಿಸಿದರೂ ಅದಕ್ಕೆ ಆ 200 ಸಿಗುವುದೇ ಇಲ್ಲ.

ರಿಟೈರ್ಡ್ ಮೇಷ್ಟ್ರೊಬ್ಬರು ತಮ್ಮ ಪ್ರೀಮಿಯರ್ ಪದ್ಮಿನಿಗೆ ಮನೆ ಹತ್ತಿರವೇ ಬೆಳ್ಳಿ ಬಣ್ಣ ಹೊಡೆಸಿಕೊಂಡಿದ್ದರು. ಮೊದಮೊದಲು ಬಲು ಚೆಂದ. ಒಂದು ದಿನ ಕಾರ್ಬುರೇಟರ್‌ನಿಂದ ಸ್ವಲ್ಪ ಪೆಟ್ರೋಲ್ ಸೋರಿತು. ಅವರು ಬಟ್ಟೆಯಲ್ಲಿ ಒರೆಸಿದರು. ಬಟ್ಟೆ ಬೆಳ್ಳಿ ಆಯಿತು, ಬ್ಲಾಕ್ ಬರೀ ಬೀಡು ಕಬ್ಬಿಣ ಕಾಣಿಸಿತು. ಆ ಬಟ್ಟೆಯನ್ನೇ ಮಡಚಿ ನನಗೆ ತೋರಿಸಲು ತಂದಿದ್ದರು. "ಡೂಪ್ಲಿಕೇಟ್ ಮಾಲು ಕಣಯ್ಯಾ" ಅಂತ ಅವರ ವಾದ. ಮಾಲು ಅಸಲಿಯೇ. ಅದು ಕೇಳುವ ಶಾಖ ಅದಕ್ಕೆ ಸಿಕ್ಕಿರಲಿಲ್ಲ. ಮೇಷ್ಟ್ರು ಬೋರ್ಡ್ ಮೇಲೆ ಬರೆಸಿಕೊಳ್ಳುವವರ ಹಾಗೆ ಮತ್ತೆ ಮತ್ತೆ ಕೇಳಿದರು, ನಾನೂ ಮತ್ತೆ ಮತ್ತೆ ಹೇಳಿದೆ. ಕೊನೆಗೂ ಅವರು ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಬ್ಲಾಕ್, ಹೆಡ್, ಅದರ ಮೇಲಿನ ಟ್ಯಾಪೆಟ್ ಕವರ್, ಕೆಳಗೆ ಆಯಿಲ್ ನಿಲ್ಲುವ ಸಂಪ್ ಇವಕ್ಕೆಲ್ಲ ಎಂಜಿನ್ ಎನಾಮಲ್ ಅಂತ ಮಾರುವ ಬಣ್ಣ ಸಾಕು. ಉದಾಹರಣೆಗೆ ವಿಎಚ್‌ಟಿ ಕಂಪನಿಯ ಎಂಜಿನ್ ಎನಾಮಲ್ ತಡೆಯುವುದು 288 ಡಿಗ್ರಿ ತನಕ. ಗಟ್ಟಿಯಾಗಲು ಅದು ಕೇಳುವುದು 93 ಡಿಗ್ರಿ, 20 ನಿಮಿಷ. ಎಂಜಿನ್ ತಾನೇ ಕೊಡಬಲ್ಲ ಶಾಖಕ್ಕೆ ಹತ್ತಿರದ ಮಾತು. ಬೇರೆ ಕಂಪನಿಗಳ ಲೆಕ್ಕ ಬೇರೆ ಇರುತ್ತದೆ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಇರುವುದನ್ನು ಓದಿ. ಮುಂದಿನ ದಪ್ಪ ಅಂಕಿ ಮಾರುವವನಿಗೆ, ಹಿಂದಿನ ಸಣ್ಣ ಅಂಕಿ ಹೊಡೆಯುವವನಿಗೆ.

ಅಂದ ಹಾಗೆ, 1200 ಅಂತ ಬರೆದ ಅಮೆರಿಕದ ಡಬ್ಬಿ 600ಕ್ಕಿಂತ ಡಬಲ್ ಅಂದುಕೊಂಡು ಹೆಚ್ಚು ದುಡ್ಡು ಕೊಡುವವರಿದ್ದಾರೆ. ಅದು ಫ್ಯಾರನ್‌ಹೀಟ್, ಸ್ವಾಮಿ. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ 649.

ಮ್ಯಾನಿಫೋಲ್ಡ್‌ಗೆ ಹೊಡೆಯುವುದಾದರೆ ಪ್ರೈಮರ್, ಪುಟ್ಟಿ ಎಲ್ಲ ಮರೆತುಬಿಡಿ. ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ಆ ಬಿಸಿಗೆ ಸುಟ್ಟು ಮೇಲಿನ ಬಣ್ಣವನ್ನೂ ಎಬ್ಬಿಸಿಕೊಂಡು ಬರುತ್ತದೆ. ಬ್ಲಾಸ್ಟಿಂಗ್ (ಗಾಳಿಯ ರಭಸಕ್ಕೆ ಮರಳಿನಂಥ ಪುಡಿ ಹೊಡೆದು ತುಕ್ಕು ಕೀಳುವುದು) ಮಾಡಿಸಿ, ಬರಿ ಲೋಹದ ಮೇಲೆ ತೆಳ್ಳಗೆ ಹೊಡೆಯಿರಿ. ದಪ್ಪ ಹೊಡೆದರೆ ಗುಳ್ಳೆ ಏಳುತ್ತದೆ. ಮಂಗಳೂರು, ಕಾರವಾರದ ಕಡೆಯವರು ಬ್ಲಾಸ್ಟಿಂಗ್ ಆದ ದಿನವೇ ಬಣ್ಣ ಮುಗಿಸಿ. ಅಲ್ಲಿನ ಗಾಳಿಗೆ ಬರಿ ಬೀಡು ರಾತ್ರಿ ಕಳೆಯುವುದರೊಳಗೆ ಕೆಂಪಾಗಿರುತ್ತದೆ.

ಆಮೇಲೆ ಸುಡಬೇಕು, ಹಂತ ಹಂತವಾಗಿ. ವಿಎಚ್‌ಟಿಯವರು ತಮ್ಮ ಹೆಚ್ಚು ಬಿಸಿಯ ಬಣ್ಣಕ್ಕೆ ಹೇಳುವ ಕ್ರಮ 121 ಡಿಗ್ರಿಯಲ್ಲಿ ಅರ್ಧ ಗಂಟೆ, ಆಮೇಲೆ 204, ಆಮೇಲೆ 316, ನಡುನಡುವೆ ಅರ್ಧ ಗಂಟೆ ಆರಲು ಬಿಡಬೇಕು. ಇದನ್ನು ಪೌಡರ್ ಕೋಟಿಂಗ್ ಮಾಡುವವರ ಒಲೆಯಲ್ಲಿ ಮಾಡಿಸಬಹುದು, ಅವರ ಒಲೆ ಅಷ್ಟು ಬಿಸಿ ಏರುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲವೇ ಕಾರಿಗೇ ಜೋಡಿಸಿ, ಎಂಜಿನ್ ಐಡ್ಲಿಂಗ್‌ನಲ್ಲಿ ಸ್ವಲ್ಪ ಓಡಿಸಿ, ಆರಿಸಿ, ಮತ್ತೆ ಓಡಿಸಿ. ಹೊಗೆ ಬರುತ್ತದೆ, ಗಾಬರಿ ಬೇಡ. ಆದರೆ ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ಬಣ್ಣದ ಹೊಗೆಯೂ ಕೆಟ್ಟದ್ದು, ಸೈಲೆನ್ಸರ್ ಹೊಗೆ ಅದಕ್ಕಿಂತ ಕೆಟ್ಟದ್ದು. ಸಾಫ್ಟ್‌ವೇರ್ ಹುಡುಗನೊಬ್ಬ ಮನೆಯ ಕೇಕ್ ಅವನ್‌ನಲ್ಲೇ ಮ್ಯಾನಿಫೋಲ್ಡ್ ಸುಟ್ಟ. ಕೆಲಸ ಪರವಾಗಿಲ್ಲ, ನೀಟಾಗೇ ಬಂದಿತ್ತು. ಆದರೆ ಅವನ ಅಮ್ಮ ಆ ಅವನ್ ಅಡುಗೆಮನೆಗೆ ಮತ್ತೆ ಸೇರಿಸಲಿಲ್ಲ. ಅವರು ಮಾಡಿದ್ದು ಸರಿ. ಊಟದ ಅವನ್‌ನಲ್ಲಿ ಬಣ್ಣ ಸುಡಲೇಬಾರದು.

ಕ್ಲೀನಿಂಗ್ ಬಗ್ಗೆ ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೇನೆ. ಒಂದೇ ಮಾತು. ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆದು ನಿಲ್ಲಿಸಬೇಡಿ, ಅದೂ ಎಣ್ಣೆಯೇ. ಆಮೇಲೆ ಸೋಪು ನೀರು, ಒಣಗಿದ ಮೇಲೆ ಥಿನ್ನರ್. ಕೊನೆಗೆ ಒಂದು ಲೋಟ ಶುದ್ಧ ನೀರು ಸುರಿದು ನೋಡಿ. ನೀರು ಹಾಳೆಯಂತೆ ಹರಡಿದರೆ ಜಿಡ್ಡಿಲ್ಲ. ಹನಿ ಹನಿಯಾಗಿ ನಿಂತರೆ ಮತ್ತೆ ತೊಳೆಯಿರಿ. ಹಳೇ ಬೀಡು ಆಯಿಲ್ ಕುಡಿದಿರುತ್ತದೆ, ಹೀಟ್ ಗನ್‌ನಲ್ಲಿ ಬೆಚ್ಚಗೆ ಮಾಡಿದರೆ ಬೆವರಿದ ಹಾಗೆ ಹೊರಗೆ ಬರುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಲೋಹವನ್ನು ಸ್ವಲ್ಪ ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಬೇಕಾಗಬಹುದು, ನೀವು ತಂದ ಎನಾಮಲ್ ಅದರ ಮೇಲೆ ಕೂರುತ್ತದಾ ಅಂತ ನೋಡಿಕೊಳ್ಳಿ.

ಬಣ್ಣ ಹೊಡೆದರೆ ಎಂಜಿನ್ ತಣ್ಣಗಿರುತ್ತದಾ ಅಂತಲೂ ಕೇಳುತ್ತಾರೆ. ಇಲ್ಲ. ಹೀಟ್ ಆಗುತ್ತಿದ್ದರೆ ರೇಡಿಯೇಟರ್ ನೋಡಿಸಿ.

ಹೊಡೆಯುವ ಮುಂಚೆ ಟೇಪ್ ಹಾಕುವಾಗ ಎರಡು ಜಾಗ ಬಿಟ್ಟುಹೋಗುತ್ತವೆ. ಒಂದು, ಬ್ಯಾಟರಿಯ ಅರ್ಥ್ ವೈರ್ ಬೋಲ್ಟ್ ಆಗುವ ಜಾಗ. ಬಣ್ಣ ಬಿದ್ದರೆ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಸರಿಯಾಗಿ ಎತ್ತುವುದಿಲ್ಲ, ಆಮೇಲೆ ಎಲೆಕ್ಟ್ರಿಷಿಯನ್ ಹತ್ತಿರ ಅಲೆದಾಟ. ಇನ್ನೊಂದು ಎಂಜಿನ್ ನಂಬರ್. 15 ವರ್ಷ ದಾಟಿದ ಕಾರನ್ನು ರಿನ್ಯೂವಲ್‌ಗೆ ಆರ್‌ಟಿಒಗೆ ಒಯ್ದಾಗ ಆ ನಂಬರ್ ಓದಲು ಬರಬೇಕು. ಅದರ ಮೇಲೆ ಬ್ಲಾಸ್ಟಿಂಗ್ ಬೇಡ, ಎಮರಿ ಪೇಪರ್ ಬೇಡ. ಬಣ್ಣ ತುಂಬಿಕೊಂಡಿದ್ದರೆ ಥಿನ್ನರ್ ಬಟ್ಟೆಯಲ್ಲಿ ಬಿಡಿಸಬಹುದು. ಉಜ್ಜಿ ಅಳಿಸಿದ್ದರೆ ಅದು ಪೇಂಟರ್ ಕೈಲಿ ಆಗುವ ರಿಪೇರಿ ಅಲ್ಲ.