ಕೌದಿ ಹೊಲಿಯುವ ನೆನಪು

‘ಚಿತ್ರ ಬರೆದರೆ ಮನಸ್ಸಿನ ದುಃಖವೆಲ್ಲ ಹೊರಗೆ ಹೋಗಿಬಿಡುತ್ತೆ’ ಅನ್ನುವವರು ಸಿಕ್ಕಾಗೆಲ್ಲ ಅವರಿಗೆ ಚಿತ್ರಕಾರ ಸಾಮುವೆಲ್ ಬಾಕ್ ಬರೆದ ಪೇರ್ ಹಣ್ಣುಗಳನ್ನು ತೋರಿಸಬೇಕು ಅನ್ನಿಸುತ್ತದೆ. ಕಲ್ಲಿನ ಪೇರ್, ಮರದ ಪೇರ್, ಸೀಳಿ ತೇಪೆ ಹಾಕಿದ ಪೇರ್. ದಶಕಗಳ ಕಾಲ ಅದೇ ಹಣ್ಣು. ದುಃಖ ಹೊರಗೆ ಹೋಗುವಂಥದ್ದೇ ಆಗಿದ್ದರೆ ಹತ್ತಿಪ್ಪತ್ತು ಹಣ್ಣಿಗೇ ಖಾಲಿಯಾಗಬೇಕಿತ್ತಲ್ಲ!

ಬಾಕ್ ಹುಟ್ಟಿದ್ದು 1933ರಲ್ಲಿ, ಈಗಿನ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ. ನಾಜಿಗಳು ಊರಿನ ಯಹೂದಿಗಳನ್ನು ಗೆಟ್ಟೊ ಎಂಬ ಬೇಲಿಹಾಕಿದ ಕೇರಿಯೊಳಗೆ ಕೂಡಿಹಾಕಿದಾಗ ಅವನಿಗೆ ಎಂಟು ವರ್ಷ. ಒಂಬತ್ತಕ್ಕೆಲ್ಲ ಅಲ್ಲೇ ಅವನ ಚಿತ್ರಗಳ ಪ್ರದರ್ಶನ ನಡೆಯಿತು. ಬರೆಯಲು ಕಾಗದವೇ ಇಲ್ಲ. ಸುಟ್ಸ್ಕೇವರ್ ಮತ್ತು ಕಚೆರ್ಗಿನ್ಸ್ಕಿ ಎಂಬ ಇಬ್ಬರು ಕವಿಗಳು ಯಹೂದಿ ಸಮುದಾಯದ ಹಳೆಯ ದಾಖಲೆ ಪುಸ್ತಕವೊಂದನ್ನು, ‘ಪಿಂಕಸ್’ ಅನ್ನುತ್ತಾರೆ, ಹುಡುಗನ ಕೈಗಿತ್ತರು. ಅವನು ಖಾಲಿ ಪುಟಗಳಲ್ಲಿ ಬರೆದ, ಅಂಚುಗಳಲ್ಲೂ ಬರೆದ. ಈ ಅಂಚನ್ನು ನೆನಪಿಡಿ, ಮತ್ತೆ ಬರುತ್ತೇನೆ.

ಮುಂದೆ ನಾಜಿಗಳ ಬಲವಂತದ ದುಡಿಮೆಯ ಶಿಬಿರದಿಂದ ಅಪ್ಪ ಮಗನನ್ನು ಗೋಣಿಚೀಲದಲ್ಲಿ ತುಂಬಿ ಹೊರಗೆ ದಾಟಿಸಿದರು. ಸೋವಿಯತ್ ಸೇನೆ ಊರು ತಲುಪುವ ಕೆಲವೇ ದಿನ ಮುಂಚೆ, 1944ರ ಜುಲೈನಲ್ಲಿ, ಪೊನಾರಿಯ ಕಾಡಿನಲ್ಲಿ ಅಪ್ಪನನ್ನು ಗುಂಡಿಟ್ಟು ಕೊಂದರು. ಅಮ್ಮ, ಮಗ ಇಬ್ಬರೇ ಉಳಿದರು.

ಈಗ ವಿಜ್ಞಾನಕ್ಕೆ ಬರೋಣ. ದುಃಖವೆಂದರೆ ಕುಕ್ಕರಿನೊಳಗಿನ ಹಬೆ, ಸೀಟಿ ಹೊಡೆಸಿದರೆ ಒತ್ತಡ ಇಳಿಯುತ್ತದೆ ಎಂಬ ಚಿತ್ರಣ ಉಗಿಯಂತ್ರಗಳ ಕಾಲದ್ದು. ವಿಯೆನ್ನಾದ ವೈದ್ಯರಾದ ಫ್ರಾಯ್ಡ್ ಮತ್ತು ಬ್ರಾಯರ್ 1895ರಲ್ಲಿ ಉನ್ಮಾದದ (ಹಿಸ್ಟೀರಿಯಾ) ಮೇಲೆ ಬರೆದ ಪುಸ್ತಕ ಅದಕ್ಕೆ ವೈದ್ಯಕೀಯ ಅಂಗಿ ತೊಡಿಸಿತು. ಅಂಗಿ ಹರಿದು ಎಷ್ಟೋ ಕಾಲವಾದರೂ ನಮ್ಮ ವಾಟ್ಸಾಪ್ ಮನೋವಿಜ್ಞಾನ ಅದನ್ನೇ ಉಟ್ಟು ಓಡಾಡುತ್ತಿದೆ.

2000ನೇ ಇಸವಿಯಲ್ಲಿ ನ್ಯೂಯಾರ್ಕಿನಲ್ಲಿ ಮಿದುಳು ವಿಜ್ಞಾನಿ ಕರೀಂ ನಾಡರ್ ಮತ್ತು ಸಂಗಡಿಗರು ಇಲಿಗಳಿಗೆ ಒಂದು ಸದ್ದು ಕೇಳಿಸಿ ಕರೆಂಟ್ ಶಾಕ್ ಕೊಟ್ಟರು. ಇಲಿ ಆ ಸದ್ದಿಗೇ ಹೆದರತೊಡಗಿತು. ಆಮೇಲೆ ಬರೀ ಸದ್ದು ಕೇಳಿಸಿ ಭಯವನ್ನು ನೆನಪಿಸಿದರು. ತಕ್ಷಣ ಭಯದ ನೆನಪಿಗೆ ಬೇಕಾದ, ಮಿದುಳಿನ ಅಮಿಗ್ಡಲಾ ಭಾಗಕ್ಕೆ, ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಔಷಧಿ ಹಾಕಿದರು. ಮರುಪರೀಕ್ಷೆಯಲ್ಲಿ ಭಯ ಬಹುಪಾಲು ಮಾಯ! ನೆನಪಿಸದೆ ಅದೇ ಔಷಧಿ ಕೊಟ್ಟ ಇಲಿಗಳ ಭಯ ಮಾತ್ರ ಹಾಗೇ ಇತ್ತು. ಅಂದರೆ ನೆನಪು ಸುಟ್ಟ ಮಡಕೆಯಲ್ಲ, ಬಿಸಿಲಿಗೆ ಒಣಗಿದ ಹಸಿಮಡಕೆ. ನೆನೆದಾಗ ಮತ್ತೆ ಮೆತ್ತಗಾಗುತ್ತದೆ, ಬೆರಳಿನ ಗುರುತು ಕೂರುತ್ತದೆ, ಮತ್ತೆ ಒಣಗುತ್ತದೆ. ಮಡಕೆ ಒಗ್ಗದಿದ್ದರೆ ಅಜ್ಜಿಯ ಕೌದಿ ನೋಡಿ: ಪ್ರತಿ ಬಾರಿ ಬಿಚ್ಚಿ ಹೊಲಿದಾಗ ಹಳೇ ಸೀರೆಯ ಜೊತೆ ಹೊಸದೊಂದು ತುಂಡು ಸೇರಿಕೊಳ್ಳುತ್ತದೆ. ಅದೂ ಬೇಡವೆಂದರೆ ಪಿಂಕಸ್‌ನ ಆ ಅಂಚು. ಹಿರಿಯರ ಅಕ್ಷರ ಅಳಿದಿಲ್ಲ, ಪಕ್ಕದಲ್ಲೇ ಹುಡುಗನ ಗೆರೆ. ಇನ್ನು ಆ ಪುಟ ತೆರೆದರೆ ಎರಡೂ ಒಟ್ಟಿಗೇ ಕಾಣುತ್ತವೆ.

ಇಲಿಯಿಂದ ಮನುಷ್ಯನಿಗೆ ನೆಗೆಯುವಾಗ ಎಚ್ಚರ ಬೇಕು. ಮನುಷ್ಯರಲ್ಲಿ ಇದೆಷ್ಟು ನಡೆಯುತ್ತದೆಂಬ ವಾದ ಇನ್ನೂ ಮುಗಿದಿಲ್ಲ. ಆದರೂ ಬಾಕ್ ಅವರ ಹಟವನ್ನು ಸೀಟಿಗಿಂತ ಕೌದಿಯೇ ಚೆನ್ನಾಗಿ ವಿವರಿಸುತ್ತದೆ ಅಂತ ನನ್ನ ಎಣಿಕೆ.

ಇಲ್ಲಿ ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್ ಅವರನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಬೌಹೌಸ್ ಎಂಬ ಜರ್ಮನಿಯ ಕಲಾಶಾಲೆಯಲ್ಲಿ ಕಲಿತ ಈ ಕಲಾವಿದೆ ಜೆಕ್ ನಾಡಿನ ತೆರೆಜಿನ್ ಗೆಟ್ಟೊದ ಮಕ್ಕಳಿಗೆ ಚಿತ್ರ ಕಲಿಸಿದರು. 1944ರಲ್ಲಿ ಆಶ್ವಿಟ್ಜ್ ಎಂಬ ನಾಜಿ ಸಾವಿನ ಶಿಬಿರಕ್ಕೆ ಹೊರಡುವ ಮುನ್ನ ಮಕ್ಕಳ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸ್‌ಗಳಲ್ಲಿ ತುಂಬಿ ಉಳಿಸಿಹೋದರು. ಅವರು ಹಿಂತಿರುಗಲಿಲ್ಲ. ಅವರ ಶಿಷ್ಯೆ ಈಡಿತ್ ಕ್ರಾಮರ್ ಅಮೆರಿಕದಲ್ಲಿ ಕಲಾ ಚಿಕಿತ್ಸೆಗೆ ಅಡಿಪಾಯ ಹಾಕಿದವರಲ್ಲೊಬ್ಬರು.

1943ರ ವಾರ್ಸಾ ಗೆಟ್ಟೊದ ಆ ಫೋಟೊ ನೀವೂ ನೋಡಿರುತ್ತೀರಿ: ಟೋಪಿ ಹಾಕಿ ಎರಡೂ ಕೈ ಮೇಲೆತ್ತಿ ನಿಂತ ಹುಡುಗ. ಬಾಕ್ ಅವನನ್ನು ಎಷ್ಟೋ ಸಲ ಬರೆದರು, ಒಮ್ಮೆ ಕಲ್ಲಿನ ಹುಡುಗನಾಗಿ, ಒಮ್ಮೆ ಒಡೆದ ಹಲಗೆಗಳನ್ನು ಜೋಡಿಸಿದ ಹುಡುಗನಾಗಿ. ಹಲಗೆಗಳ ನಡುವಿನ ಬಿರುಕನ್ನು ಮಾತ್ರ ಬಣ್ಣ ತುಂಬಿ ಮುಚ್ಚಲಿಲ್ಲ.